ಪೊರಕೆಗೆ ಮೊದಲು ಮಾತು

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆಂದು 7 ದಿನ ಹಳ್ಳಿಗೆ ಹೊರಟಿದ್ದೀರಿ. ಗಾಂಧೀಜಿಯವರ ಜನ್ಮಶತಮಾನೋತ್ಸವದ ಹೊತ್ತಿಗೆ, 1969ರಲ್ಲಿ ಶುರುವಾದ ಯೋಜನೆ ಇದು. ಬೀದಿ ಗುಡಿಸಿ, ಚರಂಡಿಯ ಹೂಳೆತ್ತಿ, ಬೇಡವೆನ್ನುವುದಿಲ್ಲ. ಆದರೆ ಮೊದಲೆರಡು ದಿನ ಪೊರಕೆ ಬದಿಗಿಟ್ಟು ಮನೆಗಳ ಜಗಲಿಯ ಮೇಲೆ ಕೂತು ಮಾತಾಡಿ.

ಎಷ್ಟೋ ಮನೆಗಳಲ್ಲಿ ಶೌಚಾಲಯವಿದ್ದರೂ ಅದರೊಳಗೆ ಸೌದೆ, ಕುಳ್ಳು ತುಂಬಿರುತ್ತದೆ. ಬೈಯಬೇಡಿ, ಯಾಕೆಂದು ಕೇಳಿ. “ಗುಂಡಿ ತುಂಬಿದರೆ ಯಾರು ಬಳಿಯೋದು?” ಎಂಬ ಅಂಜಿಕೆ ಹೊರಬಂದೀತು. ಅದಕ್ಕೆ ಉತ್ತರವಿದೆ. ಎರಡು ಗುಂಡಿಗಳ ಶೌಚಾಲಯದಲ್ಲಿ ಒಮ್ಮೆಗೆ ಒಂದೇ ಗುಂಡಿ ಬಳಕೆಯಲ್ಲಿರುತ್ತದೆ. ಗುಂಡಿಯ ಗೋಡೆಯ ಇಟ್ಟಿಗೆಗಳ ನಡುವೆ ಬಿಟ್ಟ ಸಂದುಗಳಿಂದ ನೀರು ಮಣ್ಣಿಗೆ ಇಂಗುತ್ತದೆ. ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು 2 ವರ್ಷ ಮುಚ್ಚಿಟ್ಟರೆ ನಾತವಿಲ್ಲದ ಗೊಬ್ಬರವಾಗುತ್ತದೆ. ರೈತರ ಮನೆಯಲ್ಲಿ ಇದನ್ನು ಬಿಡಿಸಿ ಹೇಳಿ. ಗೋಡೆಗೆ ಪೂರ್ತಿ ಸಿಮೆಂಟ್ ಬಳಿಯಬಾರದು, ಕುಡಿಯುವ ನೀರಿನ ಬಾವಿಯ ಪಕ್ಕ ಗುಂಡಿ ತೋಡಬಾರದು ಎಂಬುದನ್ನೂ ಮರೆಯಬೇಡಿ.

ನೀರಿಲ್ಲ ಎಂದರೆ ಅದು ನೆಪವಲ್ಲ. ಅಂಥ ಮನೆಗಳ ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಗೆ ಕೊಡಿ.

ಕತ್ತಲಾಗುವವರೆಗೆ ತಡೆದುಕೊಂಡು ಕೂರುವ ಹೆಂಗಸರ ಕಷ್ಟವನ್ನು ಹುಡುಗಿಯರೇ ಕೇಳಿಕೊಳ್ಳಲಿ. ಬಯಲಿಗೆ ಹೋಗುವವರ ಹಿಂದೆ ಸೀಟಿ ಊದುವುದು, ಫೋಟೊ ತೆಗೆಯುವುದು ಖಂಡಿತ ಬೇಡ. ಅವರು ನಿಮ್ಮ ಅಜ್ಜಿಯ ವಯಸ್ಸಿನವರಿರಬಹುದು.

ಶಿಬಿರ ಮುಗಿದ ತಿಂಗಳಿಗೆ ಇನ್ನೊಮ್ಮೆ ಅದೇ ಮನೆಗಳಿಗೆ ಹೋಗಿ. ಸೌದೆ ಹೊರಗೆ ಬಂದಿದೆಯೇ, ನೋಡಿ ಬನ್ನಿ.