ಗ್ರಾಮ ನ್ಯಾಯಾಲಯದ ಅನುದಾನ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಹುಣಸೂರು ಉಪವಿಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸಣ್ಣ ಸ್ವರೂಪದ ಅಪರಾಧ ಪ್ರಕರಣಗಳ ವಿಚಾರಣೆಯು ತಾಲ್ಲೂಕು ಕೇಂದ್ರದ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ ನಡೆಯುತ್ತದೆ. ಕಸಬಾ ಹೋಬಳಿಯವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಕೇರಳದ ಗಡಿಗೆ ತಾಗಿಕೊಂಡಿರುವ ಡಿ.ಬಿ. ಕುಪ್ಪೆ ಭಾಗದ ಹಾಡಿಯ ಕೂಲಿಕಾರನಿಗೆ ಒಂದು ವಾಯಿದೆಗೆ ಹಾಜರಾಗುವುದೆಂದರೆ ಆ ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಎರಡನ್ನೂ ಕಳೆದುಕೊಳ್ಳುವುದೆಂದೇ ಅರ್ಥ. ಎರಡು ಮೂರು ವಾಯಿದೆಗಳಿಗೆ ಆತ ಗೈರುಹಾಜರಾದರೆ ವಾರಂಟ್ ಹೊರಡುತ್ತದೆ. ದಂಡ ಕಟ್ಟಿ ಮುಗಿಯಬಹುದಾಗಿದ್ದ ಪ್ರಕರಣ ಆತನನ್ನು ಬಂಧನದವರೆಗೂ ಕೊಂಡೊಯ್ಯುವುದುಂಟು.

ಈ ದೂರವನ್ನು ತಗ್ಗಿಸುವ ಸಲುವಾಗಿಯೇ ಸಂಸತ್ತು ಗ್ರಾಮ ನ್ಯಾಯಾಲಯಗಳ ಅಧಿನಿಯಮ, 2008 ಅನ್ನು ಅಂಗೀಕರಿಸಿತು. ಅದು 2009ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ತಾಲ್ಲೂಕು ಪಂಚಾಯತಿ ಮಟ್ಟದಲ್ಲಿ, ಅಥವಾ ಹೊಂದಿಕೊಂಡಿರುವ ಕೆಲವು ತಾಲ್ಲೂಕು ಪಂಚಾಯತಿಗಳಿಗೆ ಸೇರಿ, ರಾಜ್ಯ ಸರ್ಕಾರವು ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿ ಇಂತಹ ನ್ಯಾಯಾಲಯವನ್ನು ಸ್ಥಾಪಿಸಬಹುದು. ಇದನ್ನು ಹಿಂದಿನ ನ್ಯಾಯ ಪಂಚಾಯತಿಯೆಂದು ತಿಳಿಯಬಾರದು. ಇಲ್ಲಿ ತೀರ್ಪು ನೀಡುವ ನ್ಯಾಯಾಧಿಕಾರಿಯು ಜೆ.ಎಂ.ಎಫ್.ಸಿ. ಹುದ್ದೆಯ ಅರ್ಹತೆಯುಳ್ಳವರೇ ಆಗಿರಬೇಕು. ಚುನಾಯಿತ ಸದಸ್ಯರಿಗೆ ವಿಚಾರಣೆಯ ಅಧಿಕಾರವಿಲ್ಲ.

ಎರಡು ವರ್ಷಗಳಿಗೆ ಮೀರದ ಕಾರಾವಾಸದ ಅಪರಾಧಗಳು, 20,000 ರೂಪಾಯಿ ಮೀರದ ಸ್ವತ್ತಿನ ಕಳವು, ಕನಿಷ್ಠ ವೇತನ, ಜೀತ ಪದ್ಧತಿ, ಕೌಟುಂಬಿಕ ದೌರ್ಜನ್ಯ ಮತ್ತು ಜೀವನಾಂಶಕ್ಕೆ ಸಂಬಂಧಿಸಿದ ಪ್ರಕರಣಗಳು ಇದರ ವ್ಯಾಪ್ತಿಗೆ ಬರುತ್ತವೆ. ವಿಚಾರಣೆ ಸಂಕ್ಷಿಪ್ತ ವಿಧಾನದಲ್ಲಿ ನಡೆಯುತ್ತದೆ. ಕಲಾಪವೂ ತೀರ್ಪೂ ಸಾಧ್ಯವಾದ ಮಟ್ಟಿಗೆ ಇಂಗ್ಲಿಷನ್ನು ಬಿಟ್ಟು ರಾಜ್ಯದ ಅಧಿಕೃತ ಭಾಷೆಯಲ್ಲಿರಬೇಕು, ಅಂದರೆ ಕನ್ನಡದಲ್ಲಿ. ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯಾಧಿಕಾರಿಯು ನಿಯತವಾಗಿ ಹಳ್ಳಿಗಳಿಗೆ ತೆರಳಿ, ಪಕ್ಷಗಾರರ ವಾಸಸ್ಥಳದ ಸಮೀಪದಲ್ಲಿಯೇ ವಿಚಾರಣೆ ನಡೆಸಬೇಕೆಂದು ಕಾಯಿದೆ ವಿಧಿಸುತ್ತದೆ.

ಇನ್ನು ಹಣದ ವಿಚಾರ. ಕೇಂದ್ರ ಸರ್ಕಾರವು ಪ್ರತಿ ಗ್ರಾಮ ನ್ಯಾಯಾಲಯಕ್ಕೆ ಒಂದು ಬಾರಿಯ ನೆರವಾಗಿ 18 ಲಕ್ಷ ರೂಪಾಯಿ ನಿಗದಿಪಡಿಸಿತು: ಕಟ್ಟಡಕ್ಕೆ 10 ಲಕ್ಷ, ವಾಹನಕ್ಕೆ 5 ಲಕ್ಷ, ಕಚೇರಿ ಸಲಕರಣೆಗೆ 3 ಲಕ್ಷ. ಮೊದಲ ಮೂರು ವರ್ಷ ಆವರ್ತಕ ವೆಚ್ಚದ ಶೇಕಡಾ 50ರಷ್ಟನ್ನು, ವರ್ಷಕ್ಕೆ 3.20 ಲಕ್ಷದ ಮಿತಿಯೊಳಗೆ, ಭರಿಸುತ್ತದೆ. ಅನಂತರದ ಹೊರೆ ರಾಜ್ಯದ್ದು. 10 ಲಕ್ಷದಲ್ಲಿ ಇಂದು ನ್ಯಾಯಾಲಯದ ಕಟ್ಟಡ ಏಳುವುದಿಲ್ಲವೆಂಬುದು ಸಮುದಾಯ ಭವನ ಕಟ್ಟಿಸಿದ ಯಾವ ಸದಸ್ಯರಿಗೂ ತಿಳಿದ ಸಂಗತಿ. 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಯೋಜನೆಯನ್ನು ಮುಂದುವರಿಸಿದಾಗ ಇಡೀ ದೇಶಕ್ಕೆ ಇಟ್ಟ ಮೊತ್ತ 50 ಕೋಟಿ. ಜೊತೆಗೊಂದು ಷರತ್ತನ್ನೂ ಹಾಕಲಾಯಿತು: ಅಧಿಸೂಚನೆ ಹೊರಟು, ನ್ಯಾಯಾಧಿಕಾರಿ ನೇಮಕಗೊಂಡು, ನ್ಯಾಯಾಲಯ ಕಾರ್ಯಾರಂಭ ಮಾಡಿದ ನಂತರವೇ ಅನುದಾನ ಬಿಡುಗಡೆ. ಹೀಗಾಗಿ ಮೊದಲ ಹೆಜ್ಜೆ ರಾಜ್ಯದ್ದು. ಹಣ ಅದರ ಹಿಂದೆ ಬರುತ್ತದೆ.

ಇಂತಹ ಅನುಭವ ಹೊಸದಲ್ಲ. 13ನೆಯ ಹಣಕಾಸು ಆಯೋಗವು 2010-15ರ ಅವಧಿಗೆ ನ್ಯಾಯದಾನದ ಸುಧಾರಣೆಗೆಂದೇ 5,000 ಕೋಟಿ ಶಿಫಾರಸು ಮಾಡಿತ್ತು. ಅದರಲ್ಲಿ ಅರ್ಧ ಭಾಗ ಬೆಳಗಿನ, ಸಂಜೆಯ ಮತ್ತು ವಿಶೇಷ ಪಾಳಿಯ ನ್ಯಾಯಾಲಯಗಳಿಗೆ ಮೀಸಲಾಗಿತ್ತು. ಒಟ್ಟು ಮೊತ್ತದ ಅರ್ಧಕ್ಕಿಂತ ಕಡಿಮೆ ಹಣ ಮಾತ್ರ ರಾಜ್ಯಗಳಿಗೆ ಬಿಡುಗಡೆಯಾಯಿತು.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮ, 1989ರ ಪ್ರಕರಣಗಳು ಗ್ರಾಮ ನ್ಯಾಯಾಲಯಕ್ಕೆ ಬರುವುದಿಲ್ಲ, ವಿಶೇಷ ನ್ಯಾಯಾಲಯಕ್ಕೆ ಹೋಗುತ್ತವೆ. ಆದರೂ ಅಲ್ಲಿಯ ಪರಿಹಾರಧನದ ಕ್ರಮವನ್ನು ಸದಸ್ಯರು ತಿಳಿದಿರುವುದು ಅತ್ಯಗತ್ಯ. 2016ರ ತಿದ್ದುಪಡಿಯಂತೆ ಅಪರಾಧದ ಸ್ವರೂಪವನ್ನು ಅನುಸರಿಸಿ 85,000 ರೂಪಾಯಿಯಿಂದ 8,25,000 ರೂಪಾಯಿವರೆಗೆ ಪರಿಹಾರವುಂಟು. ಅದು ಹಂತಹಂತವಾಗಿ ಸಲ್ಲುತ್ತದೆ: ಹಲವು ಅಪರಾಧಗಳಲ್ಲಿ ಪ್ರಥಮ ವರ್ತಮಾನ ವರದಿಯ ಹಂತದಲ್ಲಿ ಶೇಕಡಾ 25, ದೋಷಾರೋಪಣ ಪಟ್ಟಿ ನ್ಯಾಯಾಲಯಕ್ಕೆ ಹೋದಾಗ 50, ಶಿಕ್ಷೆಯಾದಾಗ ಉಳಿದ 25. ಊರಿನ ಹಿರಿಯರು ಅರಳಿಕಟ್ಟೆಯಲ್ಲಿ ಕುಳಿತು "ಠಾಣೆಯವರೆಗೆ ಯಾಕೆ, ಇಲ್ಲೇ ರಾಜಿಯಾಗಲಿ" ಎಂದು ದೂರನ್ನು ತಡೆದರೆ, ನೊಂದವರಿಗೆ ಮೊದಲ ಕಂತೇ ದಕ್ಕುವುದಿಲ್ಲ. ಈ ಅಪರಾಧಗಳಿಗೆ ಕಾನೂನಿನಲ್ಲಿ ಅಂತಹ ರಾಜಿಯ ಅವಕಾಶವೂ ಇಲ್ಲ. ಸದ್ಭಾವನೆಯಿಂದಲೇ ಆದರೂ ಸದಸ್ಯರು ಇಂತಹ ಪಂಚಾಯಿತಿಕೆಯಲ್ಲಿ ಕೂರಬಾರದು.

ಗ್ರಾಮ ನ್ಯಾಯಾಲಯ ಬರುವವರೆಗೆ ಕಾಯದೆ ಪಡೆಯಬಹುದಾದ ನೆರವೂ ಇದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಅಡಿಯಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ 15100. ಜೇನುಕುರುಬ ಅಥವಾ ಯರವ ಹಾಡಿಯ ವ್ಯಕ್ತಿ ಬಂಧಿತನಾದ ಸುದ್ದಿ ತಿಳಿದ ದಿನವೇ ವಾರ್ಡಿನ ಸದಸ್ಯರು ಈ ಸಮಿತಿಗೆ ತಿಳಿಸಿದರೆ ಜಾಮೀನಿನ ಅರ್ಜಿ ತಡವಾಗದು.

ಗ್ರಾಮ ನ್ಯಾಯಾಲಯಕ್ಕಾಗಿ ಬೇಡಿಕೆ ಸಲ್ಲಿಸುವ ಪಂಚಾಯತಿಗಳು ಗ್ರಾಮ ಸಭೆಯ ನಿರ್ಣಯದಲ್ಲಿ ಮೂರು ವಿವರಗಳನ್ನು ನಮೂದಿಸುವುದು ಸೂಕ್ತ: ತಾಲ್ಲೂಕು ನ್ಯಾಯಾಲಯಕ್ಕೆ ಇರುವ ದೂರ ಹಾಗೂ ಬಸ್ಸಿನ ವೇಳೆ, ಆ ದಾರಿಯಲ್ಲಿ ಅರಣ್ಯದ ರಾತ್ರಿ ಸಂಚಾರ ನಿರ್ಬಂಧವಿದ್ದರೆ ಅದರ ವಿವರ, ಮತ್ತು ಸಂಚಾರಿ ವಿಚಾರಣೆಗೆ ಪಂಚಾಯತಿಯು ಒದಗಿಸಬಲ್ಲ ಸಭಾಂಗಣ. ನಿರ್ಣಯದ ಪ್ರತಿಯನ್ನು ತಾಲ್ಲೂಕು ಪಂಚಾಯತಿಯ ಮೂಲಕ ಜಿಲ್ಲಾ ಪಂಚಾಯತಿಗೆ ಕಳುಹಿಸಬೇಕು.