ಕರಿಮಲೆ ಇಳಿಯುವಾಗ

ಮಾಲೆ ಹಾಕಿಕೊಂಡು ಬಂದ ದಿನ ಮನೆಯವಳು ಕೇಳಿದ್ದು ಒಂದೇ ಮಾತು: “ಪಂಪೆಯಿಂದ ಹತ್ತಿದ್ರೆ ಅಯ್ಯಪ್ಪ ಸಿಗಲ್ವಾ ಸ್ವಾಮಿ?” ವರ್ಷವಿಡೀ ‘ರೀ’ ಅನ್ನುವವಳು ಮಾಲೆ ಬಿದ್ದ ಕೂಡಲೇ ‘ಸ್ವಾಮಿ’ ಅನ್ನುತ್ತಾಳೆ, ಆ ಮರ್ಯಾದೆಯಲ್ಲೇ ಒಂದು ಮುಳ್ಳೂ ಇರುತ್ತದೆ. ಬಲಮಂಡಿ ಸವೆದಿದೆ ಅಂತ ಡಾಕ್ಟರು ಎಕ್ಸ್‌ರೇ ತೋರಿಸಿ ಎರಡು ವರ್ಷವಾಗಿತ್ತು. ವಯಸ್ಸು 56, ತೂಕ 81 ಕಿಲೋ. ಆದರೂ ಎರುಮೇಲಿಯಿಂದ ಕಾಡು ಹಾದು ಹೋಗುವ ದೊಡ್ಡ ದಾರಿಯಲ್ಲೇ, 40 ಕಿಲೋಮೀಟರಿಗೂ ಹೆಚ್ಚು, ಬರಿಗಾಲಲ್ಲಿ ಹೋಗಬೇಕೆಂಬ ಹಟ. ಹರಕೆಯೇನೂ ಇರಲಿಲ್ಲ. ಹಿಂದೆ ಎರಡು ಸಲ ನಡೆದವನು ಈ ಸಲ ಬಸ್ಸು ಹತ್ತಿದರೆ ಗುಂಪಿನವರು ಏನಂದುಕೊಂಡಾರು ಅನ್ನುವುದಷ್ಟೇ.

ವ್ರತದ 41 ದಿನ ಕೈಯಲ್ಲಿತ್ತು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹತ್ತು ಎಣಿಸುವ ವ್ಯಾಯಾಮವನ್ನು ಡಾಕ್ಟರು ಹೇಳಿಕೊಟ್ಟಿದ್ದರು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಏಟು ಕಮ್ಮಿಯಂತೆ. ನಾನು ಮಾಡಿದ್ದು ಮಾತ್ರ ಬೆಳಗಿನ ಜಾವದ ತಣ್ಣೀರು ಸ್ನಾನ, ಸಂಜೆ ಎರಡು ಗಂಟೆ ಚಕ್ಕಳಮಕ್ಕಳ ಹಾಕಿ ಭಜನೆ. ಧನುರ್ಮಾಸದ ಚಳಿಗೆ, ಎದ್ದು ನಿಂತರೆ ಮಂಡಿ ಕಿರ್ರೆನ್ನುತ್ತಿತ್ತು. ನಮ್ಮಲ್ಲಿ ಬಾಗಿಲಿಗೂ ಮೂಳೆಗೂ ‘ಕೀಲು’ ಅನ್ನುವ ಒಂದೇ ಪದ ಯಾಕಿದೆ ಅಂತ ಆಗ ಗೊತ್ತಾಯಿತು.

ಎರುಮೇಲಿಯಲ್ಲಿ ಪೇಟೆತುಳ್ಳಲ್. ಮುಖಕ್ಕೆ ಬಣ್ಣ ಬಳಿದುಕೊಂಡು, ಮರದ ಗದೆ ಹಿಡಿದು, ವಾವರ ಮಸೀದಿಯ ಮುಂದೆ ಕುಣಿಯುವುದು. ತಮಟೆ ಕೇಳಿದರೆ ಮಂಡಿ ನೆನಪಿರುತ್ತದೆಯೇ? ನಡಿಗೆ ಶುರುವಾಗುವ ಮೊದಲೇ ಮಂಡಿಯನ್ನು ಅರ್ಧ ಕೆಡಿಸಿಕೊಂಡೆ.

ರಬ್ಬರ್ ತೋಟಗಳ ನಡುವಿನ ದಾರಿ ಮುಗಿಸಿ ಅಳುದಾ ನದಿ ಮುಟ್ಟುವ ಹೊತ್ತಿಗೆ ಕುಂಟತೊಡಗಿದ್ದೆ. ಎಲ್ಲರೂ ಮುಳುಗು ಹಾಕಿ ಕಲ್ಲಿಡುಂಕುನ್ನಿನಲ್ಲಿ ಹಾಕಲು ಹೊಳೆಯಿಂದ ಒಂದೊಂದು ಕಲ್ಲು ಆರಿಸಿಕೊಂಡರು. ನಾನು ಅಲ್ಲಿದ್ದುದರಲ್ಲೇ ಚಿಕ್ಕ ಕಲ್ಲು ಹುಡುಕಿದೆ. ಏರು ಶುರುವಾದಲ್ಲಿ, ಮಾಲೆ ಹಾಕಿದ, ಎಪ್ಪತ್ತರ ಆಸುಪಾಸಿನ ಒಬ್ಬ ತಮಿಳು ಮಾಳಿಗಪ್ಪುರಂ ಅಮ್ಮ ನನ್ನ ನಡಿಗೆಯನ್ನು ಸ್ವಲ್ಪ ಹೊತ್ತು ನೋಡಿ, ಬಲಗೈಯಲ್ಲಿದ್ದ ಕೋಲನ್ನು ಕಿತ್ತು ಎಡಗೈಗೆ ಕೊಟ್ಟರು. ಮಾತಿಲ್ಲ. ನೋವಿರುವ ಕಡೆಗೇ ಆಸರೆ ಬೇಕು ಅಂತ ನಾನು ತಿಳಿದಿದ್ದೆ. ಹಾಗಲ್ಲ: ಬಲಗಾಲು ಊರುವಾಗ ಎದುರು ಕೈಯ ಕೋಲೂ ಜೊತೆಗೆ ಊರಿದರೆ ಭಾರ ಹಂಚಿಹೋಗುತ್ತದೆ. ಹತ್ತು ಹೆಜ್ಜೆಯಲ್ಲೇ ವ್ಯತ್ಯಾಸ ಗೊತ್ತಾಯಿತು. ತಿರುಗಿ ನೋಡಿದರೆ ಆಕೆ ನನ್ನನ್ನು ದಾಟಿ ಮುಂದೆ ಹೋಗಿಯಾಗಿತ್ತು.

ಕತ್ತಲಾದ ಮೇಲೆ ಕಾಡಿನೊಳಗೆ ಬಿಡುವುದಿಲ್ಲ, ಆನೆ ಓಡಾಡುವ ಜಾಗ. ರಾತ್ರಿ ಮುಕ್ಕುಳಿಯಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ, ಗುಂಪನ್ನು ಕರೆದೊಯ್ಯುತ್ತಿದ್ದ ಗುರುಸ್ವಾಮಿಗೆ ಕಾಣದ ಹಾಗೆ ಬರಿಹೊಟ್ಟೆಯಲ್ಲೇ ಒಂದು ನೋವಿನ ಮಾತ್ರೆ ನುಂಗಿದೆ. ಅದು ಜಠರಕ್ಕೆ ಕೆಟ್ಟದ್ದು, ಬೆವರಿ ನೀರು ಕಮ್ಮಿಯಾದ ಮೈಯಲ್ಲಿ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ ಎಂದು ಆಮೇಲೆ ಬೈಸಿಕೊಂಡೆ. ಆದರೆ ಅವತ್ತು ಮಾತ್ರೆ ಮಾಡಿದ ದೊಡ್ಡ ಮೋಸ ಬೇರೆ. ಕರಿಮಲೆಯ ಏರನ್ನು ಹುಡುಗನ ಹಾಗೆ ಹತ್ತಿಬಿಟ್ಟೆ. “ನಿಧಾನ ಸ್ವಾಮಿ, ಇಳಿಯೋದು ಬಾಕಿ ಇದೆ” ಅಂತ ಗುರುಸ್ವಾಮಿ ಹಿಂದಿನಿಂದ ಕೂಗಿದ್ದು ಕೇಳಿಸಿತ್ತು. ಹತ್ತುವುದೇ ಕಷ್ಟ, ಇಳಿಯುವುದು ಪುಕ್ಕಟೆ ಅನ್ನುವುದು ನನ್ನ ಲೆಕ್ಕ.

ತುದಿಯಲ್ಲಿ ಕೂತು ಎದ್ದಾಗ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ನನ್ನ 81 ಕಿಲೋ, ತಲೆಯ ಮೇಲಿನ ಇರುಮುಡಿ, ಬೇರು ಕಲ್ಲುಗಳ ಕಡಿದಾದ ಇಳಿಜಾರು. ಪ್ರತಿ ಹೆಜ್ಜೆಗೂ ಚಿಪ್ಪಿನ ಕೆಳಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಶರಣು ಕೂಗಲೆಂದು ಬಾಯಿ ತೆರೆದರೆ ಅಪ್ಪಾ ಅಮ್ಮಾ ಬರುತ್ತಿತ್ತು. ಗುರುಸ್ವಾಮಿ ಇರುಮುಡಿಯನ್ನು ತಮ್ಮ ತಲೆಗೇರಿಸಿಕೊಂಡು ಹೇಳಿದರು: “ಹಿಂದಿನವರು ಹದಿನೆಂಟು ಮೆಟ್ಟಿಲನ್ನ ಹೆಂಗೆ ಇಳೀತಿದ್ರು? ದೇವರಿಗೆ ಬೆನ್ನು ಹಾಕದೆ, ಹಿಮ್ಮುಖವಾಗಿ. ನೀವೂ ಹಾಗೇ ಇಳೀರಿ.” ನನ್ನ ಮಾನ ಉಳಿಸಲು ಹೇಳಿದರೋ, ನಿಜವಾಗಿ ತಿಳಿದೇ ಹೇಳಿದರೋ, ಈಗಲೂ ಗೊತ್ತಿಲ್ಲ. ಆದರೆ ನೋವು ಅರ್ಧಕ್ಕಿಳಿಯಿತು. ಕಡಿದಾದ ಕಡೆ ಮೊದಲ ಸಲ ಬಂದ ಒಬ್ಬ ಕನ್ನಿಸ್ವಾಮಿಯ ಭುಜ ಹಿಡಿದು ಹಿಮ್ಮುಖವಾಗಿ, ಉಳಿದ ಕಡೆ ಓರೆಯಾಗಿ, ನೋವಿನ ಕಾಲನ್ನು ಮೊದಲು ಇಳಿಸಿ ಒಳ್ಳೆಯ ಕಾಲನ್ನು ಆಮೇಲೆ ತಂದು, ಪಂಪೆ ಸೇರುವಾಗ ದೀಪ ಹಚ್ಚಿದ್ದರು. ಗುಂಪಿನಲ್ಲಿ ಯಾರೂ ಏನೂ ಅಂದುಕೊಳ್ಳಲಿಲ್ಲ. ಅವರವರ ಹಿಮ್ಮಡಿಯ ಬಿರುಕು ಅವರವರಿಗೆ.

ಪಂಪೆಯಲ್ಲಿ ಒಂದು ದಿನ ಕಾಲು ಚಾಚಿ ಮಲಗಿ, ನೀಲಿಮಲೆ ಬಿಟ್ಟು ಏರು ಕಮ್ಮಿಯಿರುವ ಸ್ವಾಮಿ ಅಯ್ಯಪ್ಪನ್ ರಸ್ತೆಯಲ್ಲಿ ಹತ್ತಿದೆ. ಹದಿನೆಂಟು ಮೆಟ್ಟಿಲಿಗೆ ಮಂಡಿಯೇ ಬೇಕಾಗಲಿಲ್ಲ. ಪೊಲೀಸರು ತೋಳು ಹಿಡಿದು ಎತ್ತಿ ಎತ್ತಿ ಮೇಲೆ ಸಾಗಿಸಿದರು.

ವಾಪಸು ಬರುವಾಗ ಡೋಲಿ ಕೇಳಿದೆ. ಹೊರುವವನೊಬ್ಬ ನಕ್ಕ. ಎಲ್ಲರೂ ಹತ್ತೋದಕ್ಕೆ ಕೂರ್ತಾರೆ, ನೀವು ಇಳಿಯೋದಕ್ಕಾ ಅಂತ. ಮಂಡಿ ತೋರಿಸಿದೆ. ನಾಲ್ವರು ಎತ್ತಿಕೊಂಡರು. ದಾರಿಯುದ್ದಕ್ಕೂ ನಾನು ನೋಡುತ್ತಿದ್ದುದು ಅವರ ಕಾಲುಗಳನ್ನು. ಕಡಿದಾದ ತಿರುವು ಬಂದಾಗಲೆಲ್ಲ ಮುಂದಿನಿಬ್ಬರು ಪಾದ ಓರೆ ಮಾಡಿ, ಒಂದೊಂದೇ ಹೆಜ್ಜೆ ಇಳಿಸುತ್ತಿದ್ದರು.