ಕೈಯಲ್ಲಿಲ್ಲದ ಹೊತ್ತಿನ ಲೆಕ್ಕ: ಪದವಿ ವಿದ್ಯಾರ್ಥಿಗಳಿಗೆ ಸಮಯ ನಿರ್ವಹಣೆಯ ಮೂರು ಪಾಠಗಳು

ಪೀಠಿಕೆ

ನಮ್ಮ ಬೋಧನಾಭ್ಯಾಸದ ಪಾಠಗಳು ಬಹುಪಾಲು 8 ಮತ್ತು 9ನೇ ತರಗತಿಗಳಲ್ಲಿ ನಡೆಯುತ್ತವೆ. ಆ ಮಕ್ಕಳ ದಿನವನ್ನು ಶಾಲೆಯ ಗಂಟೆಯೂ ಮನೆಯ ಹಿರಿಯರೂ ಹೊಂದಿಸಿಕೊಡುತ್ತಾರೆ. ಹದಿನೆಂಟು ದಾಟಿ ಪದವಿ ಕಾಲೇಜಿಗೆ ಬಂದವರಿಗೆ ಹಾಗೆ ಹೊಂದಿಸಿಕೊಡುವವರು ಇರುವುದಿಲ್ಲ. ದುಡಿಮೆ, ಮನೆಗೆಲಸ, ಪ್ರಯಾಣ, ಓದು ಎಲ್ಲವನ್ನೂ ಅವರೇ ತೂಗಿಸಬೇಕು. ಹೇಗೆಂದು ಹೇಳಿಕೊಡುವ ಪಾಠ ಮಾತ್ರ ಯಾವ ಪಠ್ಯದಲ್ಲೂ ಇರುವುದು ಅಪರೂಪ.

ಸಮುದಾಯ ಕಾರ್ಯದ ಭಾಗವಾಗಿ ಬಳ್ಳಾರಿ ನಗರದ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ 36 ವಿದ್ಯಾರ್ಥಿಗಳಿಗೆ ‘ಸಮಯ ನಿರ್ವಹಣೆ ಮತ್ತು ಅಚ್ಚುಕಟ್ಟು’ ಎಂಬ ವಿಷಯದಲ್ಲಿ ವಾರಕ್ಕೊಂದರಂತೆ ಮೂರು ಪಾಠಗಳನ್ನು ಮಾಡಿದೆ. ಆ ಪಾಠಗಳ ಯೋಜನೆ, ತರಗತಿಯ ನಡೆ ಮತ್ತು ಕಂಡುಬಂದ ಅಂಶಗಳನ್ನು ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದ್ದೇನೆ.

ಕಲಿಯುವವರ ಹಿನ್ನೆಲೆ

ತರಗತಿಯ ಅರ್ಧದಷ್ಟು ಮಂದಿ ನಗರದವರು. ಉಳಿದವರು ಸಿರುಗುಪ್ಪ, ಕುರುಗೋಡು ಮತ್ತು ಸುತ್ತಲಿನ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಸಿರುಗುಪ್ಪ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡು ಸುಮಾರು 30 ಕಿ.ಮೀ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ. ಟಿಕೆಟ್ಟಿನ ಹಣ ಉಳಿಯಿತು, ಆದರೆ ಹೊತ್ತು ಉಳಿಯಲಿಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತೇ ಬರುತ್ತೇವೆ ಎಂದು ಹಲವರು ಹೇಳಿದರು.

ಇನ್ನೊಂದು ಅಂಶವೂ ಇದೆ. ಕಾಲೇಜು ಆರಂಭವಾಗುವ ತಿಂಗಳುಗಳಲ್ಲೇ ತುಂಗಭದ್ರಾ ಕಾಲುವೆಗಳಿಗೆ ನೀರು ಬರುತ್ತದೆ. ಸಿರುಗುಪ್ಪ ಭಾಗದಲ್ಲಿ ಭತ್ತದ ನಾಟಿ ಶುರುವಾಗುತ್ತದೆ. ಆಳು ಸಿಗದ ಮನೆಗಳಲ್ಲಿ ಮಕ್ಕಳೂ ಗದ್ದೆಗೆ ಇಳಿಯಲೇಬೇಕು. ನಗರದವರಿಗೂ ಬಿಡುವಿಲ್ಲ. ಬಳ್ಳಾರಿ ಜೀನ್ಸ್ ಉಡುಪಿಗೆ ಹೆಸರಾದ ಊರು. ಹೊಲಿಗೆ ಘಟಕಗಳಲ್ಲಿ ಸಂಜೆ ಪೀಸ್ ಲೆಕ್ಕದಲ್ಲಿ ದುಡಿಯುವ ಇಬ್ಬರು ಇದೇ ತರಗತಿಯಲ್ಲಿದ್ದರು.

ವಯಸ್ಕರ ಕಲಿಕೆಯ ಕುರಿತು ಬರೆದ ಅಮೆರಿಕದ ಶಿಕ್ಷಣ ಚಿಂತಕ ಮಾಲ್ಕಮ್ ನೋಲ್ಸ್, ವಯಸ್ಕ ಕಲಿಯುವವನು ತನ್ನ ಅನುಭವವನ್ನು ಹೊತ್ತುಕೊಂಡೇ ತರಗತಿಗೆ ಬರುತ್ತಾನೆ ಮತ್ತು ತನ್ನ ಬದುಕಿನ ಇಂದಿನ ಸಮಸ್ಯೆಗೆ ಒದಗುವುದನ್ನು ಬೇಗ ಕಲಿಯುತ್ತಾನೆ ಎನ್ನುತ್ತಾರೆ. ಆದ್ದರಿಂದ ‘ಬೆಳಗ್ಗೆ 5ಕ್ಕೆ ಏಳಿ, 5ರಿಂದ 7 ಓದಿ’ ಎಂಬ ಸಿದ್ಧ ವೇಳಾಪಟ್ಟಿಯನ್ನು ಪಾಠದಿಂದ ಹೊರಗಿಟ್ಟೆ. ಐದಕ್ಕೆ ಎದ್ದು ದನದ ಕೊಟ್ಟಿಗೆಗೆ ಹೋಗುವವರಿಗೆ ಅದರಿಂದ ಪ್ರಯೋಜನವಿಲ್ಲ.

ಪಾಠಗಳ ಉದ್ದೇಶಗಳು

ಮೂರು ಪಾಠಗಳ ಅಂತ್ಯಕ್ಕೆ ವಿದ್ಯಾರ್ಥಿಗಳು:
1. ತಮ್ಮ ದಿನದ ಹೊತ್ತನ್ನು ಅಳೆದು ವರ್ಗೀಕರಿಸುವರು.
2. ಒಂದು ಕೆಲಸಕ್ಕೆ ಹಿಡಿಯುವ ಹೊತ್ತನ್ನು ಅಂದಾಜಿಸಿ, ಮಾಡಿ ನೋಡಿ, ಅಂದಾಜನ್ನು ತಿದ್ದಿಕೊಳ್ಳುವರು.
3. ದೊಡ್ಡ ಕೆಲಸವನ್ನು ತುಂಡು ಮಾಡಿ, ಪ್ರತಿ ತುಂಡಿಗೆ ತಕ್ಕ ಹೊತ್ತನ್ನು ಗುರುತಿಸುವರು.
4. ಕಾಲೇಜಿನ ಮತ್ತು ಮನೆಯ ದಿನಾಂಕಗಳನ್ನು ಒಂದೇ ಪುಟದಲ್ಲಿ ಬರೆದಿಟ್ಟು ಬಳಸುವರು.

ಪಾಠ ಒಂದು: ಅರವತ್ತು ಗಳಿಗೆ

ಹೊತ್ತನ್ನು ಅಳೆಯಲು ‘ಗಳಿಗೆ’ಯನ್ನು ಮಾನವಾಗಿ ತೆಗೆದುಕೊಂಡೆ. ಒಂದು ದಿನಕ್ಕೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ‘ಒಂದ್ ಗಳಿಗಿ ಕುಂದ್ರು’ ಎಂಬ ಮಾತನ್ನು ಎಲ್ಲರೂ ಮನೆಯಲ್ಲಿ ಕೇಳಿದ್ದರು. ಅದು 24 ನಿಮಿಷ ಎಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು 25 ನಿಮಿಷಗಳ ಓದಿನ ಕ್ರಮವನ್ನು ರೂಪಿಸಿದ್ದನ್ನೂ ಹೇಳಿದೆ. ಅದಕ್ಕೂ ನಮ್ಮ ಗಳಿಗೆಗೂ ಒಂದೇ ನಿಮಿಷದ ಅಂತರ. ಗಂಟೆಗಟ್ಟಲೆ ಬಿಡುವು ಸಿಗದವರಿಗೆ ಸಣ್ಣ ಮಾನವೇ ಅನುಕೂಲ.

ಮೂರು ದಿನ ಮೊದಲೇ ದಿನಚರಿ ಬರೆದು ತರಲು ಹೇಳಿದ್ದೆ. ಸಿರುಗುಪ್ಪ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಳು: ನಿದ್ದೆ 18, ಕಾಲೇಜು 15, ಬಸ್ ಪ್ರಯಾಣ 8, ಬಸ್ಸಿಗೆ ಕಾಯುವುದು 3, ಮನೆಗೆಲಸ ಮತ್ತು ದನಕರು 7, ಸ್ನಾನ-ಊಟ 5. ಒಟ್ಟು 56, ಉಳಿದದ್ದು 4. ಹಿಂದಿನ ಬೆಂಚಿನಿಂದ ‘ಫೋನ್ ಎಲ್ಲೈತಿ?’ ಎಂಬ ಪ್ರಶ್ನೆ ಬಂತು. ಎಲ್ಲರೂ ನಕ್ಕರು; ಅವಳೂ ನಕ್ಕು 4 ಅಳಿಸಿ 3 ಬರೆದಳು. ಮೂರು ಗಳಿಗೆ ಎಂದರೆ 72 ನಿಮಿಷ.

ಆ ಬಳಿಕ ಹೊತ್ತನ್ನು ಮೂರು ಬಣ್ಣಗಳಲ್ಲಿ ಗುರುತಿಸಿದೆವು. ಬದಲಿಸಲಾಗದ ಕಾಲೇಜು, ದುಡಿಮೆ, ಪ್ರಯಾಣ ‘ಕಟ್ಟಿದ ಹೊತ್ತು’. ಬಸ್ ನಿಲ್ದಾಣ, ಎರಡು ಪೀರಿಯಡ್‌ಗಳ ನಡುವಿನ ಬಿಡುವು, ಲ್ಯಾಬ್ ತೆರೆಯುವವರೆಗಿನ ನಿಲುಗಡೆ ‘ಕಾಯುವ ಹೊತ್ತು’. ತನ್ನದೆಂದು ಕೂರಲು ಸಿಗುವುದು ‘ಉಳಿದ ಹೊತ್ತು’. ಕಾಯುವ ಹೊತ್ತು ಇಷ್ಟಿದೆಯೆಂದು ಯಾರೂ ಎಣಿಸಿ ನೋಡಿರಲಿಲ್ಲ.

ತರಗತಿ ಮುಗಿದ ಮೇಲೆ ಅದೇ ವಿದ್ಯಾರ್ಥಿನಿ ನಿಂತಳು. ನಾಟಿಯ ದಿನಗಳಲ್ಲಿ ಅವಳ ಹಾಜರಾತಿ ಶೇ. 75ರ ಗೆರೆಯ ಸಮೀಪ ಇಳಿದಿತ್ತು. ರಸಾಯನಶಾಸ್ತ್ರದ ಮೂರು ಪ್ರಯೋಗಗಳ ರೆಕಾರ್ಡ್ ಬಾಕಿಯಿತ್ತು. ಮನೆಯಲ್ಲಿ ‘ಈ ವರ್ಷ ಬಿಟ್ಟು ಮುಂದಿನ ವರ್ಷ ನೋಡಿದ್ರಾತು’ ಎನ್ನುತ್ತಿದ್ದರು. ‘ಮೇಡಂ, ಹೊತ್ತು ಐತ್ರಿ, ಆದ್ರ ನಮ್ ಕೈಯಾಗಿಲ್ಲ. ಯಾವ್ದು ಯಾವಾಗ ಕೊಡ್ಬೇಕಂತ ಮೊದ್ಲೇ ಹೇಳಿದ್ರ ನಾನು ಹೆಂಗಾರ ಮಾಡ್ತೀನ್ರಿ’ ಎಂದಳು. ಮುಂದಿನ ಎರಡು ಪಾಠಗಳನ್ನು ಈ ಮಾತಿನ ಸುತ್ತ ರೂಪಿಸಿದೆ.

ಪಾಠ ಎರಡು: ಅಂದಾಜು ಮತ್ತು ತುಂಡು

ಒಂದು ಟೈಟ್ರೇಶನ್ ಪ್ರಯೋಗದ ರೆಕಾರ್ಡ್ ಬರೆಯಲು ಎಷ್ಟು ಗಳಿಗೆ ಬೇಕು ಎಂದು ಚೀಟಿಯಲ್ಲಿ ಬರೆಯಿಸಿದೆ. ಹೆಚ್ಚಿನವರು ‘ಒಂದು’ ಎಂದರು. ಕೂಡಲೇ ಬರೆಯಲು ಕೂರಿಸಿದೆ. 24 ನಿಮಿಷ ಕಳೆದಾಗ ಉದ್ದೇಶ, ತತ್ತ್ವ ಮುಗಿದು ಉಪಕರಣಗಳ ಚಿತ್ರ ನಡೆದಿತ್ತು. ಕೋಷ್ಟಕಕ್ಕೆ ಬಹುತೇಕ ಯಾರೂ ಕೈ ಹಚ್ಚಿರಲಿಲ್ಲ. ಉಳಿದುದನ್ನು ಮನೆಯಲ್ಲಿ ಮುಗಿಸಿ ಬಂದವರು ಹೇಳಿದ ಲೆಕ್ಕ ಎರಡೂವರೆಯಿಂದ ಮೂರು ಗಳಿಗೆ.

ಇದು ಇವರೊಬ್ಬರ ಸ್ವಭಾವವಲ್ಲ. ಕೆಲಸಕ್ಕೆ ಹಿಡಿಯುವ ಕಾಲವನ್ನು ಕಡಿಮೆಯಾಗಿ ಎಣಿಸುವ ಈ ಒಲವನ್ನು 1979ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಪದವಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ್ದರು. ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಈ ಅಂಕಿಗಳನ್ನು ಕೇಳಿದ ಮೇಲೆ ತರಗತಿಯ ಮುಖಭಾವ ಸಡಿಲವಾಯಿತು. ‘ನಾವು ಸೋಮಾರಿಗಳು’ ಎಂದು ಮೊದಲ ದಿನ ಬರೆದವರು ಈಗ ‘ನಮ್ಮ ಅಂದಾಜು ತಪ್ಪು’ ಎಂದು ತಿದ್ದಿದರು. ಸ್ವಭಾವದ ದೋಷವೆಂದು ನಂಬಿದವರು ಕೈಚೆಲ್ಲುತ್ತಾರೆ. ಅಂದಾಜಿನ ದೋಷವನ್ನಾದರೆ ಅಳೆದು ಸರಿಪಡಿಸಬಹುದು.

ಆಮೇಲೆ ರೆಕಾರ್ಡ್ ಕೆಲಸವನ್ನು ತುಂಡು ಮಾಡಿ, ಯಾವ ತುಂಡು ಯಾವ ಹೊತ್ತಿಗೆ ಹೊಂದುತ್ತದೆ ಎಂದು ಗುಂಪುಗಳಲ್ಲಿ ಚರ್ಚಿಸಿದರು. ಗುಂಪುಗಳು ಒಪ್ಪಿದ್ದು ಹೀಗೆ. ಉದ್ದೇಶ ಮತ್ತು ತತ್ತ್ವ ಬರೆಯಲು, ಕೋಷ್ಟಕದ ಗೆರೆ ಎಳೆಯಲು ಕಾಯುವ ಹೊತ್ತು ಸಾಕು. ಲೆಕ್ಕಾಚಾರ ಮತ್ತು ನಕ್ಷೆಗೆ ಮನೆಯ ಉಳಿದ ಹೊತ್ತು ಬೇಕು. ಬಸ್ಸಿನಲ್ಲಿ ನಿಂತವರು ಬರೆಯಲಾರರು, ಓದುವುದೂ ಕಷ್ಟ. ಆದರೆ ಅಂದಿನ ಪಾಠದ ಐದು ಅಂಶಗಳನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳಬಲ್ಲರು. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆಯುವುದು ಕಲಿಕೆಯನ್ನು ಹೆಚ್ಚು ಕಾಲ ಉಳಿಸುತ್ತದೆ ಎಂಬುದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗಗಳಲ್ಲೂ ಕಂಡ ಸಂಗತಿ. ಇಳಿದ ಮೇಲೆ ನೆನಪಾಗದ ಅಂಶವನ್ನು ಮಾತ್ರ ನೋಟ್ಸಿನಲ್ಲಿ ನೋಡಿಕೊಂಡರಾಯಿತು.

ಪಾಠ ಮೂರು: ಅಚ್ಚುಕಟ್ಟು

‘ಅಚ್ಚುಕಟ್ಟು ಎಂದರೇನು?’ ಎಂದು ಕೇಳಿ ಪಾಠ ಆರಂಭಿಸಿದೆ. ನಗರದವರು ‘ನೀಟಾಗಿರೋದು’ ಎಂದರು. ಸಿರುಗುಪ್ಪ ಕಡೆಯವನೊಬ್ಬ ‘ಕಾಲುವಿ ನೀರು ಹತ್ತೋ ಹೊಲ’ ಎಂದ. ಎರಡೂ ಸರಿ. ಕಾಲುವೆಗೆ ನೀರು ಯಾವ ದಿನ ಬಿಡುತ್ತಾರೆ ಎಂಬುದು ರೈತನ ಕೈಯಲ್ಲಿಲ್ಲ. ಬದು ಕಟ್ಟುವುದು, ಸಸಿಮಡಿ ಸಿದ್ಧಪಡಿಸುವುದು ಅವನ ಕೈಯಲ್ಲಿದೆ. ಬಿಡುವು ನಮ್ಮಿಚ್ಛೆಯಂತೆ ಬರುವುದಿಲ್ಲ, ಬಂದಾಗ ಏನು ಮಾಡಬೇಕೆಂಬುದು ಮೊದಲೇ ತಿಳಿದಿರಬೇಕು ಎಂಬ ಅಂಶವನ್ನು ವಿದ್ಯಾರ್ಥಿಗಳೇ ಈ ಹೋಲಿಕೆಯಿಂದ ಹೇಳಿದರು.

ಚಟುವಟಿಕೆ ಸರಳ. ಚೀಲದಲ್ಲಿ ಸದಾ ಇರುವ ಒಂದೇ ಪುಸ್ತಕ, ಅದರ ಮೊದಲ ಪುಟದಲ್ಲಿ ಸೆಮಿಸ್ಟರಿನ ವಾರಗಳು. ಮೇಲಿನ ಸಾಲಿನಲ್ಲಿ ಕಾಲೇಜಿನ ದಿನಾಂಕಗಳು: ಕಿರುಪರೀಕ್ಷೆ, ರೆಕಾರ್ಡ್, ಶುಲ್ಕ. ಕೆಳಗಿನ ಸಾಲಿನಲ್ಲಿ ಮನೆಯವು: ಭತ್ತದ ಕೊಯ್ಲು, ದೀಪಾವಳಿ, ಮನೆಯ ಮದುವೆ. ಕುರುಗೋಡಿನವರು ‘ನಮ್ಮ ದೊಡ್ಡಬಸವೇಶ್ವರನ ಜಾತ್ರಿ ಮುಂದಿನ ಸೆಮಿಸ್ಟರಿಗೆ ಬರ್ತೈತಿ’ ಎಂದು ಮುಂದಿನ ಪುಟವನ್ನೂ ತೆರೆದರು. ಎರಡು ಸಾಲುಗಳು ಒಂದೇ ವಾರದಲ್ಲಿ ಢಿಕ್ಕಿ ಹೊಡೆಯುವಲ್ಲಿ ಕೆಂಪು ಗುರುತು. ಆ ವಾರದ ಕೆಲಸವನ್ನು ಎರಡು ವಾರ ಹಿಂದಕ್ಕೆ ತರುವುದು.

ಕೊನೆಗೆ ‘ಹೀಗಾದರೆ ಹೀಗೆ’ ಎಂಬ ವಾಕ್ಯಗಳನ್ನು ಬರೆಯಿಸಿದೆ. ‘ಓದುತ್ತೇನೆ’ ಎಂದು ನಿರ್ಧರಿಸುವುದಕ್ಕಿಂತ, ಇಂಥ ಸಂದರ್ಭ ಬಂದರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಹೇಳಿಕೊಂಡವರು ಹೆಚ್ಚು ಬಾರಿ ಮಾಡುತ್ತಾರೆ ಎಂಬುದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಯ ಸಾರ. ‘ಬಸ್ ತಪ್ಪಿದರೆ ಕೋಷ್ಟಕದ ಗೆರೆ ಎಳೆಯುತ್ತೇನೆ’, ‘ಗದ್ದೆ ಕೆಲಸಕ್ಕೆ ಉಳಿದರೆ ಆ ಸಂಜೆಯೇ ಜೊತೆಗಾರನಿಂದ ನೋಟ್ಸಿನ ಫೋಟೊ ತರಿಸಿಕೊಳ್ಳುತ್ತೇನೆ’ ಎಂಬಂಥವು ಬಂದವು. ಈ ಎರಡನೆಯದಕ್ಕಾಗಿ ಊರಿನವರು ಮತ್ತು ನಗರದವರ ಜೋಡಿಗಳನ್ನು ಮಾಡಿದೆವು.

ಮೌಲ್ಯಮಾಪನ

‘ಇದನ್ನು ಅಳೆಯುವುದು ಹೇಗೆ?’ ಎಂದು ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಕೇಳಿದ್ದರು. ಪ್ರಶ್ನೆಪತ್ರಿಕೆ ಕೊಟ್ಟರೆ ‘ಸಮಯ ಅಮೂಲ್ಯ’ ಎಂಬ ಉತ್ತರ ಬರುತ್ತದೆ, ಅಷ್ಟೆ. ಬದಲಿಗೆ ಒಂದು ತಿಂಗಳ ನಂತರ ಅವರ ಪುಸ್ತಕದ ಮೊದಲ ಪುಟವನ್ನು ನೋಡಿದೆ. ಹೊಸ ದಿನಾಂಕ ಸೇರಿದೆಯೇ, ಕೆಂಪು ಗುರುತಿನ ಕೆಲಸ ಹಿಂದಕ್ಕೆ ಬಂದಿದೆಯೇ ಎಂಬ ಎರಡೇ ಪ್ರಶ್ನೆ. ಪುಟವನ್ನು ಬಳಕೆಯಲ್ಲಿ ಇಟ್ಟವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅವರಲ್ಲಿ ಬಸ್ಸಿನವರೇ ಅಧಿಕ. ಸಿರುಗುಪ್ಪ ಕಡೆಯ ಆ ವಿದ್ಯಾರ್ಥಿನಿ ಮೂರು ರೆಕಾರ್ಡುಗಳನ್ನೂ ಸಹಿ ಮಾಡಿಸಿ ಕಿರುಪರೀಕ್ಷೆಗೆ ಕೂತಳು. ಕೊಯ್ಲಿನ ವಾರಕ್ಕೆ ಅವಳ ಪುಟದಲ್ಲಿ ಆಗಲೇ ಕೆಂಪು ಗುರುತಿತ್ತು.

ಎಲ್ಲರಿಗೂ ಇದು ಒದಗಲಿಲ್ಲ. ಸಂಜೆ 5ರಿಂದ ರಾತ್ರಿ 10ರವರೆಗೆ ಜೀನ್ಸ್ ಘಟಕದಲ್ಲಿ ದುಡಿಯುವ ವಿದ್ಯಾರ್ಥಿಯ ಲೆಕ್ಕದಲ್ಲಿ ಉಳಿದದ್ದು ಒಂದೇ ಗಳಿಗೆ. ಇಲ್ಲದ ಹೊತ್ತನ್ನು ಯಾವ ಕೌಶಲವೂ ಹುಟ್ಟಿಸಲಾರದು. ಅವನಿಗೆ ನೆರವಾದದ್ದು ಅಧ್ಯಾಪಕರೊಬ್ಬರ ತೀರ್ಮಾನ: ಲ್ಯಾಬ್ ಖಾಲಿಯಿರುವ ಪೀರಿಯಡ್‌ನಲ್ಲಿ ಅಲ್ಲೇ ಕೂತು ರೆಕಾರ್ಡ್ ಬರೆಯಲು ಅವನಿಗೆ ಅನುಮತಿ ಕೊಟ್ಟರು.

ಬೋಧಕರಿಗೆ ಕೆಲವು ಸೂಚನೆಗಳು

ಸಮಯ ನಿರ್ವಹಣೆಯ ಅರ್ಧ ಭಾಗ ಕಲಿಸುವವರ ಕಡೆಯೇ ಇದೆ. ‘ನಾಳೆ ರೆಕಾರ್ಡ್ ತನ್ನಿ’ ಎಂದು ಹಿಂದಿನ ದಿನ ಹೇಳಿದರೆ, ನಿಲ್ದಾಣದ ಪಕ್ಕದಲ್ಲಿ ಮನೆಯಿರುವವರು ಮಾತ್ರ ತರಬಲ್ಲರು. ತಾರದವರ ಹೆಸರಿನ ಮುಂದೆ ನಾವು ‘ಅಶಿಸ್ತು’ ಎಂದು ಬರೆದುಬಿಡುತ್ತೇವೆ. ಸೆಮಿಸ್ಟರಿನ ಮೊದಲ ವಾರದಲ್ಲೇ ಗೊತ್ತಿರುವಷ್ಟು ದಿನಾಂಕಗಳನ್ನು ಕೊಡುವುದು, ದೊಡ್ಡ ಕೆಲಸವನ್ನು ತುಂಡುಗಳಾಗಿ ಕೇಳುವುದು, ಸ್ಥಳೀಯ ಬೆಳೆ ಮತ್ತು ಜಾತ್ರೆಯ ವಾರಗಳನ್ನು ನೋಡಿ ಕಿರುಪರೀಕ್ಷೆ ಇಡುವುದು, ಇವಕ್ಕೆ ಖರ್ಚಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ನಮ್ಮ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವಿದೆ. ವಯಸ್ಕರಿಗೆ ಪಾಠ ಮಾಡುವಾಗ ಅದರ ಕೆಳಗೆ ‘ದಿನಚರಿ’ ಎಂಬ ಇನ್ನೊಂದು ಸಾಲು ಸೇರಿಸಿಕೊಳ್ಳಿ. ಕಲಿಯುವವರು ಎಲ್ಲಿಂದ ಬರುತ್ತಾರೆ, ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಮನೆಗೆ ಹೋದ ಮೇಲೆ ಏನು ಮಾಡುತ್ತಾರೆ ಎಂಬ ಮೂರು ಪ್ರಶ್ನೆಗಳ ಉತ್ತರ ಅಲ್ಲಿರಲಿ. ಅದನ್ನು ತುಂಬಿದ ಮೇಲೆ ಮನೆಗೆಲಸ ಎಷ್ಟು ಕೊಡಬೇಕು, ಯಾವ ದಿನ ಕೇಳಬೇಕು ಎಂಬುದನ್ನು ನಿರ್ಧರಿಸಲು ಸುಲಭವಾಗುತ್ತದೆ.